ಕಳೆದದ್ದರ ಕೊರಗು ಮತ್ತು ಸಂಮೋಹನ ಚಿಕಿತ್ಸೆ

ಅಪ್ಪನ ಕೊನೆಗಾಲಕ್ಕೆ ಊರು ಸೇರಲಾಗಲಿಲ್ಲ. ಕೈಗೆ ಬಂದಿದ್ದ ಓದನ್ನು ಅರ್ಧಕ್ಕೇ ಬಿಟ್ಟೆ. ಆಡಬಾರದ ಒಂದು ಮಾತಾಡಿ ಒಡಹುಟ್ಟಿದವನನ್ನು ದೂರ ಮಾಡಿಕೊಂಡೆ. ಇಂಥದ್ದೊಂದು ಕೊರಗನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡವರು ನಮ್ಮ ಸುತ್ತ ಬೇಕಾದಷ್ಟು ಮಂದಿ ಇದ್ದಾರೆ. ಅವರ ಕಿವಿಗೆ ಈಚೆಗೆ ಬೀಳುತ್ತಿರುವ ಸಲಹೆಗಳಲ್ಲಿ ಸಂಮೋಹನ ಚಿಕಿತ್ಸೆಯೂ ಒಂದು. ಹಿಪ್ನೋಥೆರಪಿ ಎಂಬ ಹೆಸರಿನ ಫಲಕಗಳು ನಗರಗಳಲ್ಲಿ ಕಾಣಿಸುತ್ತವೆ, ಫೋನಿನಲ್ಲಿ ಜಾಹೀರಾತುಗಳು ಬರುತ್ತವೆ.

ವ್ಯಕ್ತಿಯ ಗಮನವನ್ನು ಒಂದೆಡೆ ಆಳವಾಗಿ ನೆಲೆಗೊಳಿಸಿ, ಆ ಸ್ಥಿತಿಯಲ್ಲಿ ಮಾತಿನ ಸೂಚನೆಗಳ ಮೂಲಕ ಅವರ ಅನುಭವ, ಭಾವನೆ, ನಡವಳಿಕೆಗಳಲ್ಲಿ ಬದಲಾವಣೆ ತರಲು ಯತ್ನಿಸುವುದೇ ಸಂಮೋಹನ ಚಿಕಿತ್ಸೆ. ನೋವು, ಆತಂಕ, ಕರುಳಿನ ಕೆಲವು ತೊಂದರೆಗಳಿಗೆ ಇದರ ಬಳಕೆ ಹೆಚ್ಚು. ಹಳೆಯ ಕೊರಗಿನ ವಿಷಯದಲ್ಲಿ ಇದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಆದದ್ದನ್ನು ಅಳಿಸುತ್ತೇವೆ ಎಂದು ಮಾತು ಕೊಡುವವರೂ, ಮರೆತದ್ದನ್ನು ಅಗೆದು ತೆಗೆಯುತ್ತೇವೆ ಎನ್ನುವವರೂ ಈ ಕ್ಷೇತ್ರದಲ್ಲಿದ್ದಾರೆ. ಎರಡೂ ಆಗದ ಮಾತು. ನೆನಪಿನ ಎದುರು ಕುಳಿತುಕೊಳ್ಳುವ ಬಗೆಯನ್ನು ಬದಲಿಸಿಕೊಳ್ಳಲು ಸಂಮೋಹನ ನೆರವಾಗಬಹುದು. ಅಷ್ಟೇ ಆದರೂ ಅದು ದೊಡ್ಡ ನೆರವು.

ಕೊರಗು ಬೇರೂರುವ ಬಗೆ

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1982ರಲ್ಲಿ ಒಂದು ಪುಟ್ಟ ಪ್ರಸಂಗವನ್ನು ಜನರ ಮುಂದಿಟ್ಟರು. ಇಬ್ಬರು ಪ್ರಯಾಣಿಕರು ಒಂದೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟು, ದಾರಿಯಲ್ಲಿ ಸಿಕ್ಕಿಹಾಕಿಕೊಂಡು, ಅರ್ಧ ಗಂಟೆ ತಡವಾಗಿ ತಲುಪುತ್ತಾರೆ. ಒಬ್ಬನ ವಿಮಾನ ಸರಿಯಾದ ಸಮಯಕ್ಕೆ ಹೋಗಿತ್ತು. ಇನ್ನೊಬ್ಬನದು ತಡವಾಗಿ, ಈಗ ಐದು ನಿಮಿಷದ ಹಿಂದಷ್ಟೇ ಹೊರಟಿತ್ತು. ಯಾರಿಗೆ ಹೆಚ್ಚು ಸಂಕಟ ಎಂದು ಕೇಳಿದರೆ ಬಹುತೇಕ ಎಲ್ಲರೂ ಎರಡನೆಯವನ ಕಡೆ ಬೆರಳು ತೋರಿದರು. ನಷ್ಟ ಇಬ್ಬರಿಗೂ ಒಂದೇ. ಆದರೆ ‘ಇನ್ನೊಂದು ಚೂರು ಬೇಗ ಬಂದಿದ್ದರೆ’ ಎಂದು ಕಲ್ಪಿಸಿಕೊಳ್ಳುವುದು ಎರಡನೆಯವನಿಗೆ ಸುಲಭ. ನಡೆದ ಸಂಗತಿಯ ಪಕ್ಕದಲ್ಲೇ ನಡೆಯಬಹುದಾಗಿದ್ದ ಇನ್ನೊಂದು ಸಂಗತಿಯನ್ನು ಮನಸ್ಸು ನಿಲ್ಲಿಸಿಕೊಳ್ಳುತ್ತದೆ, ಕೊರಗು ಹುಟ್ಟುವುದು ಆ ಎರಡರ ನಡುವಿನ ಅಂತರದಲ್ಲಿ.

ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಇದಕ್ಕೆ ಕಾಲದ ಆಯಾಮವನ್ನು ಸೇರಿಸಿದರು. ಮೊನ್ನೆ ಮೊನ್ನೆಯ ಕೊರಗುಗಳಲ್ಲಿ ಮಾಡಿದ ತಪ್ಪುಗಳು ಮುಂದಿರುತ್ತವೆ. ಇಡೀ ಬದುಕನ್ನು ಹಿಂತಿರುಗಿ ನೋಡಿದಾಗ ಮಾತ್ರ ಮಾಡದೆ ಬಿಟ್ಟದ್ದೇ ಹೆಚ್ಚು ಕಾಡುತ್ತದೆ ಎಂಬುದು ಅವರ ಅಧ್ಯಯನಗಳಲ್ಲಿ ಕಂಡುಬಂತು. ಓದದ ಓದು, ಹೇಳದ ಮಾತು, ಹೋಗದ ಊರು. ಮಾಡಿದ ತಪ್ಪಿಗೆ ಒಂದು ಅಂಚಿರುತ್ತದೆ, ಹೇಗೋ ಸಮಾಧಾನ ಹೇಳಿಕೊಳ್ಳಬಹುದು. ಮಾಡದೆ ಬಿಟ್ಟದ್ದು ಹೇಗಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲದ ಕಾರಣ ಕಲ್ಪನೆಯಲ್ಲಿ ಅದು ವರ್ಷವರ್ಷವೂ ಚೆಂದವಾಗುತ್ತಾ ಹೋಗುತ್ತದೆ.

ಇಷ್ಟರಿಂದ ಕೊರಗನ್ನೇ ರೋಗವೆಂದು ಭಾವಿಸಬಾರದು. ಕಣ್ಣಿನ ಗುಳಿಗಳ ಮೇಲಿರುವ ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ರೋಗಿಗಳನ್ನು ಫ್ರಾನ್ಸಿನ ಸಂಶೋಧಕರು ಪಣದ ಆಟವೊಂದರಲ್ಲಿ ಗಮನಿಸಿ 2004ರಲ್ಲಿ ವರದಿ ಮಾಡಿದರು. ‘ಅದನ್ನು ಆರಿಸಬೇಕಿತ್ತು’ ಎಂಬ ಪಶ್ಚಾತ್ತಾಪ ಆ ರೋಗಿಗಳಿಗೆ ಆಗುತ್ತಲೇ ಇರಲಿಲ್ಲ. ಮುಂದಿನ ಆಯ್ಕೆಗಳಲ್ಲಿ ಅದನ್ನು ತಪ್ಪಿಸಿಕೊಳ್ಳುವ ಎಚ್ಚರವೂ ಅವರಲ್ಲಿ ಇರಲಿಲ್ಲ. ಕೊರಗು ನಮಗೆ ಪಾಠ ಕಲಿಸುತ್ತದೆ, ಕ್ಷಮೆ ಕೇಳಲು ನಮ್ಮನ್ನು ಎಬ್ಬಿಸುತ್ತದೆ. ಪಾಠ ಮುಗಿದ ಮೇಲೂ, ಕ್ಷಮೆ ಕೇಳಲು ಯಾರೂ ಉಳಿಯದ ಮೇಲೂ ಅದು ರಾತ್ರಿ ನಿದ್ದೆ ಕೆಡಿಸುತ್ತಲೇ ಇದ್ದರೆ ಆಗ ನೆರವು ಬೇಕಾಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಕೂಡಿಕೊಳ್ಳುತ್ತದೆ. ಫಲಿತಾಂಶ ಗೊತ್ತಾದ ಮೇಲೆ, ‘ಇದು ಹೀಗಾಗುವುದು ಆಗಲೇ ತಿಳಿಯಬೇಕಿತ್ತು’ ಎಂದು ಮನುಷ್ಯರಿಗೆ ಅನ್ನಿಸುವುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇವತ್ತಿನ ತಿಳಿವಳಿಕೆಯನ್ನು ಹಿಡಿದುಕೊಂಡು ಅವತ್ತಿನ ತನ್ನನ್ನು ಕಟಕಟೆಯಲ್ಲಿ ನಿಲ್ಲಿಸುವ ಈ ಅನ್ಯಾಯವೇ ಬಹಳಷ್ಟು ಕೊರಗುಗಳ ಒಳತಿರುಳು. ಚಿಕಿತ್ಸೆಗೆ ಹಿಡಿತ ಸಿಗುವುದೂ ಇಲ್ಲಿಯೇ.

ಸಂಮೋಹಿತ ಸ್ಥಿತಿಯಲ್ಲಿ ಆಗುವುದೇನು

ರಾತ್ರಿಯಿಡೀ ಯಕ್ಷಗಾನ ನೋಡುತ್ತಾ ಕುಳಿತವರಿಗೆ ಪಕ್ಕದಲ್ಲಿ ಯಾರು ಎದ್ದು ಹೋದರೆಂಬುದು ತಿಳಿಯದಷ್ಟು ರಂಗದಲ್ಲಿ ಮನಸ್ಸು ನೆಟ್ಟಿರುತ್ತದೆ. ಆದರೂ ಅವರು ನಿದ್ದೆ ಮಾಡಿರುವುದಿಲ್ಲ, ಎಚ್ಚರ ತಪ್ಪಿರುವುದೂ ಇಲ್ಲ, ಬೇಕೆಂದಾಗ ಏಳಬಲ್ಲರು. ಸಂಮೋಹನವೂ ಹೆಚ್ಚುಕಡಿಮೆ ಇಂಥದ್ದೇ ತನ್ಮಯತೆ. ಅಮೆರಿಕದ ಮನಶ್ಶಾಸ್ತ್ರ ಸಂಘದ ಸಂಮೋಹನ ವಿಭಾಗ 2014ರಲ್ಲಿ ಕೊಟ್ಟ ವ್ಯಾಖ್ಯೆಯೂ ಇದನ್ನೇ ಹೇಳುತ್ತದೆ: ಗಮನ ಒಂದೆಡೆ ನೆಟ್ಟು, ಸುತ್ತಲಿನ ಅರಿವು ತಗ್ಗಿ, ಸೂಚನೆಗೆ ಸ್ಪಂದಿಸುವ ಶಕ್ತಿ ಹೆಚ್ಚಿರುವ ಪ್ರಜ್ಞೆಯ ಸ್ಥಿತಿ. ಸಿನಿಮಾ ಮತ್ತು ವೇದಿಕೆಯ ಪ್ರದರ್ಶನಗಳು ಹಬ್ಬಿಸಿದ ವಶೀಕರಣದ ಕಲ್ಪನೆಗೂ ಇದಕ್ಕೂ ಸಂಬಂಧವಿಲ್ಲ. ಸಂಮೋಹಿತ ವ್ಯಕ್ತಿ ಸುಳ್ಳು ಹೇಳಬಲ್ಲ, ಒಪ್ಪದ ಸೂಚನೆಯನ್ನು ತಳ್ಳಿಹಾಕಬಲ್ಲ, ನಡೆದದ್ದನ್ನು ಸಾಮಾನ್ಯವಾಗಿ ಆಮೇಲೆ ನೆನಪಿಟ್ಟುಕೊಂಡಿರುತ್ತಾನೆ.

ಎಲ್ಲರೂ ಒಂದೇ ಪ್ರಮಾಣದಲ್ಲಿ ಸಂಮೋಹನಕ್ಕೆ ಒಳಗಾಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಆಂಡ್ರೆ ವೈಟ್ಸನ್‌ಹಾಫರ್ ಮತ್ತು ಅರ್ನೆಸ್ಟ್ ಹಿಲ್‌ಗಾರ್ಡ್ 1959ರಲ್ಲಿ ಇದಕ್ಕೊಂದು ಅಳತೆಗೋಲನ್ನು ಸಿದ್ಧಪಡಿಸಿದರು. 12 ಸಣ್ಣ ಪರೀಕ್ಷೆಗಳ ಆ ಅಳತೆಯಲ್ಲಿ ಸ್ವಲ್ಪ ಮಂದಿ ತುಂಬ ಮೇಲೆ, ಸ್ವಲ್ಪ ಮಂದಿ ತುಂಬ ಕೆಳಗೆ, ಬಹುಪಾಲು ಜನ ನಡುವೆ ಬರುತ್ತಾರೆ. 25 ವರ್ಷದ ನಂತರ ಅದೇ ಜನರನ್ನು ಮತ್ತೆ ಪರೀಕ್ಷಿಸಿದಾಗಲೂ ಅಂಕಗಳು ಹೆಚ್ಚು ಬದಲಾಗಿರಲಿಲ್ಲ. ಅದೇ ವಿಶ್ವವಿದ್ಯಾಲಯದ ಡೇವಿಡ್ ಸ್ಪೀಗಲ್ ತಂಡ 2016ರಲ್ಲಿ ಮಿದುಳಿನ ಸ್ಕ್ಯಾನ್ ಅಧ್ಯಯನವೊಂದನ್ನು ಪ್ರಕಟಿಸಿತು. ಸಂಮೋಹನಕ್ಕೆ ಸುಲಭವಾಗಿ ಒಳಗಾಗುವವರಲ್ಲಿ, ಸುತ್ತಲಿನದನ್ನು ತೂಗಿ ಚಿಂತೆ ಹುಟ್ಟಿಸುವ ಭಾಗವೊಂದು ಆ ಹೊತ್ತಿನಲ್ಲಿ ತಣ್ಣಗಾಗುತ್ತದೆ. ಕೆಲಸದಲ್ಲಿ ಮಗ್ನವಾಗುವ ಜಾಲಕ್ಕೂ ‘ನಾನು ಹೇಗಿದ್ದೇನೆ’ ಎಂದು ತನ್ನನ್ನೇ ಗಮನಿಸುವ ಜಾಲಕ್ಕೂ ನಡುವಿನ ಸಂಪರ್ಕ ಸಡಿಲಗೊಳ್ಳುತ್ತದೆ. ಹಗಲೂ ರಾತ್ರಿ ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಿರುವವರಿಗೆ ಆ ವಿಚಾರಣೆ ಸ್ವಲ್ಪ ಹೊತ್ತು ನಿಲ್ಲುವುದೆಂದರೆ ಸಣ್ಣ ಸಂಗತಿಯಲ್ಲ. ಆ ಬಿಡುವಿನಲ್ಲಿ ಹಳೆಯ ದೃಶ್ಯವನ್ನು ಬೇರೆ ಕಡೆಯಿಂದ ನೋಡಲು ಸಾಧ್ಯವಾಗುತ್ತದೆ.

ಪ್ಯಾರಿಸ್, ಗೋವಾ, ಹೂಗ್ಲಿ

ಈ ವಿದ್ಯೆಯ ಆಧುನಿಕ ಚರಿತ್ರೆ ಜರ್ಮನ್ ವೈದ್ಯ ಫ್ರಾಂಜ್ ಮೆಸ್ಮರ್‌ನಿಂದ ಆರಂಭವಾಗುತ್ತದೆ. ದೇಹದಲ್ಲಿ ಹರಿಯುವ ಒಂದು ಕಾಂತದ್ರವವನ್ನು ತಾನು ಸರಿಪಡಿಸುತ್ತೇನೆಂದು ಅವನು ಪ್ಯಾರಿಸ್‌ನಲ್ಲಿ ಹೇಳಿಕೊಂಡಾಗ, 16ನೇ ಲೂಯಿ ದೊರೆ 1784ರಲ್ಲಿ ತನಿಖಾ ಮಂಡಳಿ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ರಸಾಯನಶಾಸ್ತ್ರಜ್ಞ ಲವಾಸಿಯೆ ಅದರಲ್ಲಿದ್ದರು. ದ್ರವ ಇಲ್ಲ, ಆಗುವ ಪರಿಣಾಮವೆಲ್ಲ ಕಲ್ಪನೆಯದು ಎಂದು ಅವರು ತೀರ್ಪಿತ್ತರು.

ಆ ಕಲ್ಪನೆಯನ್ನೇ ಗಂಭೀರವಾಗಿ ತೆಗೆದುಕೊಂಡವರಲ್ಲಿ ಮೊದಲಿಗರು ನಮ್ಮ ನೆರೆಯ ಗೋವಾದವರು. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫರಿಯಾ ಪ್ಯಾರಿಸ್‌ನಲ್ಲಿ ಪ್ರಯೋಗಗಳನ್ನು ನಡೆಸಿ, ಶಕ್ತಿ ಇರುವುದು ಸಂಮೋಹನ ಮಾಡುವವನಲ್ಲಿ ಅಲ್ಲ, ಒಳಗಾಗುವವನ ಮನಸ್ಸಿನಲ್ಲಿ ಎಂದು ವಾದಿಸಿದರು. ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ, ಒರಗಿರುವ ಹೆಂಗಸೊಬ್ಬಳ ಮೇಲೆ ಕೈ ಚಾಚಿ ನಿಂತಿರುವ ಅವರ ಪ್ರತಿಮೆಯನ್ನು ಕರ್ನಾಟಕದಿಂದ ಹೋದ ಪ್ರವಾಸಿಗರು ಎಷ್ಟೋ ಜನ ನೋಡಿರುತ್ತಾರೆ. ಇಂದಿನ ಚಿಕಿತ್ಸಕರು ಕೂಡ ಒಪ್ಪುವ ಮೂಲತತ್ವವೊಂದನ್ನು ಹೇಳಿದ ವ್ಯಕ್ತಿ ಅವರೆಂದು ತಿಳಿದು ನೋಡಿದರೆ ಆ ಪ್ರತಿಮೆಯ ಗೌರವ ಇನ್ನೂ ಹೆಚ್ಚುತ್ತದೆ.

ಮ್ಯಾಂಚೆಸ್ಟರ್‌ನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಪುಸ್ತಕದ ಮೂಲಕ ಹಿಪ್ನಾಟಿಸಮ್ ಎಂಬ ಹೆಸರನ್ನು ನೆಲೆಗೊಳಿಸಿದ. ಇದೇ ಸುಮಾರಿಗೆ, ಅರಿವಳಿಕೆ ಔಷಧಗಳು ಬರುವ ಮೊದಲು, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಸಂಮೋಹನದ ನೆರವಿನಿಂದ ದೊಡ್ಡ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿದ. ಈಥರ್ ಮತ್ತು ಕ್ಲೋರೋಫಾರ್ಮ್ ಬಂದ ಮೇಲೆ ಆ ದಾರಿ ಮುಚ್ಚಿತು. ಸಂಮೋಹನ ಮನಸ್ಸಿನ ನೋವಿನ ಕಡೆ ತಿರುಗಿದ್ದು ಫ್ರಾನ್ಸಿನಲ್ಲಿ.

ಲೆ ಹಾವ್ರ್ ಆಸ್ಪತ್ರೆಯ ಮರೀ

ಕೊರಗಿಗೂ ಸಂಮೋಹನಕ್ಕೂ ಇರುವ ನಂಟನ್ನು ಅರ್ಥಮಾಡಿಕೊಳ್ಳಲು ಪಿಯೆರ್ ಜಾನೆ ಬರೆದಿಟ್ಟ ಒಂದು ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಲೆ ಹಾವ್ರ್ ಬಂದರು ನಗರದಲ್ಲಿ ತತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಜಾನೆ ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ. 1889ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮರೀ ಎಂದು ಕರೆದ 19 ವರ್ಷದ ಹುಡುಗಿಯ ಕಥೆಯನ್ನು ಅವನು ವಿವರಿಸುತ್ತಾನೆ. ಪ್ರತಿ ತಿಂಗಳು ಮುಟ್ಟು ಬಂದ ಸ್ವಲ್ಪ ಹೊತ್ತಿಗೆ ಸ್ರಾವ ನಿಂತು, ಮೈ ನಡುಗಿ, ಅವಳಿಗೆ ದಿನಗಟ್ಟಲೆ ಉನ್ಮಾದ ಬರುತ್ತಿತ್ತು. ಎಡಗಣ್ಣು ಕಾಣುತ್ತಿರಲಿಲ್ಲ.

ಸಂಮೋಹನದಲ್ಲಿ ಹೊರಬಂದ ಕಥೆ ಇದು. 13ನೇ ವಯಸ್ಸಿನಲ್ಲಿ ಮೊದಲ ಸಲ ಮುಟ್ಟಾದಾಗ ನಾಚಿಕೆಯಿಂದಲೋ ತಿಳಿಯದೆಯೋ ಅವಳು ತಣ್ಣೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ಕದ್ದು ಮುಳುಗಿದ್ದಳು. ಸ್ರಾವ ನಿಂತಿತು, ಜ್ವರ ಬಂತು, ಮುಂದೆ ಐದು ವರ್ಷ ಮುಟ್ಟೇ ಬರಲಿಲ್ಲ. ಅದಕ್ಕೂ ಮುಂಚೆ, ಆರು ವರ್ಷದವಳಿದ್ದಾಗ, ಮುಖದ ಎಡಭಾಗದಲ್ಲಿ ಹುಣ್ಣಾಗಿದ್ದ ಮಗುವೊಂದರ ಜೊತೆ ಅವಳನ್ನು ಬಲವಂತವಾಗಿ ಮಲಗಿಸಿದ್ದರು. ಜಾನೆ ಅವಳನ್ನು ಕಲ್ಪನೆಯಲ್ಲಿ ಆ ವಯಸ್ಸುಗಳಿಗೆ ಮರಳಿ ಕರೆದೊಯ್ದು ಕಥೆಯನ್ನೇ ಬದಲಿಸಿದ. ತಣ್ಣೀರಿನ ಸ್ನಾನ ನಡೆಯಲೇ ಇಲ್ಲ, ಮುಟ್ಟು ಮೂರು ದಿನ ಸರಿಯಾಗಿ ಆಯಿತು ಎಂದು ನಂಬಿಸಿದ. ಪಕ್ಕದಲ್ಲಿ ಮಲಗಿರುವ ಮಗುವಿನ ಮುಖದಲ್ಲಿ ಹುಣ್ಣೇ ಇಲ್ಲ ಎಂದು ಒಪ್ಪಿಸಿದ, ಅವಳು ಹೆದರದೆ ಮಗುವಿನ ಕೆನ್ನೆ ಸವರುವವರೆಗೂ ಬಿಡಲಿಲ್ಲ. ಅವಳ ತೊಂದರೆಗಳು ಹೋದವು, ಎಡಗಣ್ಣು ಮತ್ತೆ ಕಾಣಿಸಿತು ಎಂದು ಜಾನೆ ದಾಖಲಿಸುತ್ತಾನೆ.

ಆ ಕಾಲದಲ್ಲಿ ಇಂಥ ಹೆಣ್ಣುಮಕ್ಕಳನ್ನು ಹುಚ್ಚರೆಂದು ಬದಿಗಿಡುತ್ತಿದ್ದರು. ಅವಳ ನಾಚಿಕೆಯ ಮೂಲವನ್ನು ತಾಳ್ಮೆಯಿಂದ ಕೇಳಿದ ಜಾನೆ ದೊಡ್ಡ ಮನುಷ್ಯ. ಆದರೂ ಅವನು ಮಾಡಿದ್ದು ನಮಗೆ ಇಂದು ಒಪ್ಪಿಗೆಯಾಗುವಂಥದ್ದಲ್ಲ. ಅವಳ ಬದುಕಿನಲ್ಲಿ ನಡೆದ ಸಂಗತಿಯನ್ನು ಅವಳಿಗೇ ತಿಳಿಯದಂತೆ ಅವನು ಬೇರೆ ಮಾಡಿಟ್ಟ. ರೋಗಿ ತನ್ನ ಬದುಕಿನ ನಿಜದ ಒಡೆತನವನ್ನು ಕಳೆದುಕೊಂಡು ಗುಣವಾಗುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಈ ಚಿಕಿತ್ಸೆ ಮುಂದಿಟ್ಟಿತು, ಆ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಫೆಬ್ರವರಿಯ ಅತಿಥಿ

ಜಾನೆ ನೆನಪನ್ನು ತೆಗೆದು ಬೇರೊಂದನ್ನು ಇಟ್ಟ. ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ ಇದ್ದ ನೆನಪುಗಳ ಪಕ್ಕಕ್ಕೆ ಇನ್ನೊಂದನ್ನು ಸೇರಿಸಿದ. 1901ರಲ್ಲಿ ಹುಟ್ಟಿದ, ಹದಿಹರೆಯದಲ್ಲಿ ಪೋಲಿಯೊಗೆ ತುತ್ತಾಗಿ ಹಾಸಿಗೆ ಹಿಡಿದು ಮತ್ತೆ ಎದ್ದು ನಿಂತ ಎರಿಕ್ಸನ್, 20ನೇ ಶತಮಾನದ ಸಂಮೋಹನ ಚಿಕಿತ್ಸೆಯ ಮೇಲೆ ಬೇರಾರಿಗಿಂತ ಹೆಚ್ಚು ಪ್ರಭಾವ ಬೀರಿದವನು.

ತಾಯಿಯಾಗಲು ಹೆದರುತ್ತಿದ್ದ ಹೆಂಗಸೊಬ್ಬಳು ಅವನ ಬಳಿ ಬಂದಳು. ಒಂಟಿತನದಲ್ಲೇ ಕಳೆದ ತನ್ನ ಬಾಲ್ಯದಲ್ಲಿ ಯಾರೂ ಅಕ್ಕರೆ ತೋರಿರಲಿಲ್ಲ, ಇನ್ನು ತನ್ನ ಮಗುವಿಗೆ ತಾನೇನು ಕೊಟ್ಟೇನು ಎಂಬುದು ಅವಳ ಅಳಲು. ಎರಿಕ್ಸನ್ ಸಂಮೋಹನದಲ್ಲಿ ಅವಳನ್ನು ಬೇರೆ ಬೇರೆ ವಯಸ್ಸುಗಳಿಗೆ ಕರೆದೊಯ್ದು, ಆ ಬಾಲ್ಯದೊಳಗೆ ತಾನೇ ಒಬ್ಬ ಅತಿಥಿಯಾಗಿ ಪ್ರವೇಶಿಸಿದ. ಅಪ್ಪನ ಸ್ನೇಹಿತನೆಂದು ಹೇಳಿಕೊಂಡು ಫೆಬ್ರವರಿ ತಿಂಗಳಿನಲ್ಲಿ ಮತ್ತೆ ಮತ್ತೆ ಬರುವ, ಹುಡುಗಿಯ ಮಾತಿಗೆ ಕಿವಿಗೊಡುವ ಒಬ್ಬ ಸಜ್ಜನ. ಹಲವು ಭೇಟಿಗಳಲ್ಲಿ ಆ ಅತಿಥಿ ಅವಳ ಬಾಲ್ಯದ ಸಂತೋಷ ಸಂಕಟಗಳಿಗೆ ಸಾಕ್ಷಿಯಾದ. ಅಮ್ಮನ ಉಪೇಕ್ಷೆಯನ್ನು ಅವನು ಅಳಿಸಲಿಲ್ಲ. ಉಪೇಕ್ಷೆಯ ನಡುವೆಯೂ ಯಾರೋ ಒಬ್ಬರು ತನ್ನನ್ನು ಕೇಳಿಸಿಕೊಂಡಿದ್ದರು ಎಂಬ ಭಾವ ಅವಳಲ್ಲಿ ಬೆಳೆಯಿತು, ತಾಯ್ತನದ ಭಯ ಕಳೆಯಿತು. ಫೆಬ್ರವರಿ ಮನುಷ್ಯ ಎಂಬ ಹೆಸರಿನಲ್ಲಿ ಈ ಬಗೆಯ ಚಿಕಿತ್ಸೆ ಪ್ರಸಿದ್ಧವಾಗಿದೆ.

ಇದು ಜಾನೆಯ ದಾರಿಗಿಂತ ಮೃದು. ಆದರೂ ಚಿಕಿತ್ಸಕ ಕಟ್ಟಿದ್ದು ರೋಗಿಯ ಬಾಲ್ಯದಲ್ಲಿ ಇರಲೇ ಇಲ್ಲದ ಒಬ್ಬ ವ್ಯಕ್ತಿಯನ್ನು. ಇಂದಿನ ಒಳ್ಳೆಯ ಚಿಕಿತ್ಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಡಚ್ ಮನಶ್ಶಾಸ್ತ್ರಜ್ಞ ಅರ್ನೌಡ್ ಆರ್ನ್ಟ್ಜ್ ಮೊದಲಾದವರು ಬೆಳೆಸಿದ ದೃಶ್ಯ ಮರುರಚನೆಯ ವಿಧಾನದಲ್ಲಿ ರೋಗಿ ಹಳೆಯ ದೃಶ್ಯವನ್ನು ಕಲ್ಪನೆಯಲ್ಲಿ ಬೇರೆಯಾಗಿ ನಡೆಸುತ್ತಾರೆ, ಇದು ಕಲ್ಪನೆಯೆಂಬುದು ಅವರಿಗೆ ಮೊದಲಿನಿಂದ ಕೊನೆಯವರೆಗೂ ಗೊತ್ತಿರುತ್ತದೆ. ನಿಜ ಏನೆಂಬುದನ್ನು ಮುಚ್ಚಿಡದೆಯೇ ನೋವು ತಗ್ಗಿಸಬಹುದೆಂಬುದು ಇದರಿಂದ ಗೊತ್ತಾಯಿತು. ನನಗೆ ಸರಿಯೆನಿಸುವುದು ಈ ದಾರಿಯೇ.

ಚಿಕಿತ್ಸೆಯ ಕೋಣೆಯಲ್ಲಿ

ಉದಾಹರಣೆಗಾಗಿ ಒಬ್ಬರನ್ನು ಊಹಿಸಿಕೊಳ್ಳೋಣ. ಶಿವಮೊಗ್ಗ ಕಡೆಯವರು, ಡಲ್ಲಾಸ್‌ನಲ್ಲಿ ಕೆಲಸ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪ ತೀರಿಕೊಂಡರು. ‘ಕೆಲಸ ಮುಗಿಸಿಕೊಂಡೇ ಬಾ ಮಗಳೇ, ನನಗೇನೂ ಆಗಿಲ್ಲ’ ಎಂದು ಫೋನಿನಲ್ಲಿ ಅಪ್ಪ ಹೇಳಿದ್ದನ್ನು ನಂಬಿ ಇವರು ಹೊರಟಿರಲಿಲ್ಲ. ಅಂದಿನಿಂದ ‘ಆ ದಿನವೇ ಹೊರಡಬೇಕಿತ್ತು’ ಎಂಬ ಒಂದೇ ಮಾತು ಒಳಗೆ ಸುತ್ತುತ್ತಿದೆ.

ಮೊದಲ ಒಂದೆರಡು ಭೇಟಿಗಳಲ್ಲಿ ಸಂಮೋಹನದ ಸುದ್ದಿಯೇ ಬರಬಾರದು. ನಿದ್ದೆ, ಊಟ, ಖಿನ್ನತೆ, ಸಾಯುವ ಯೋಚನೆ, ಕುಟುಂಬದ ಹಿನ್ನೆಲೆ ಎಲ್ಲವನ್ನೂ ಚಿಕಿತ್ಸಕರು ಕೇಳಿ ತಿಳಿದುಕೊಳ್ಳುತ್ತಾರೆ. ಕೊರಗಿನಲ್ಲಿ ಯಾವ ಪಾಲು ನಿಜವಾದ ತಪ್ಪು, ಯಾವ ಪಾಲು ತನ್ನ ಕೈಮೀರಿದ್ದು ಎಂಬುದನ್ನು ಬಿಡಿಸಿ ನೋಡಬೇಕಾದ್ದೂ ಆಗಲೇ. ಆ ಮೇಲೆ ಸಂಮೋಹನದ ಪರಿಚಯ. ಕಣ್ಣನ್ನು ಒಂದು ಬಿಂದುವಿನಲ್ಲಿ ನಿಲ್ಲಿಸುವುದು, ಉಸಿರಿನ ಮೇಲೆ ಗಮನ, ಕಾಲಿನಿಂದ ತಲೆಯವರೆಗೆ ಒಂದೊಂದೇ ಅಂಗವನ್ನು ಸಡಿಲಿಸುವುದು, ಮೆಟ್ಟಿಲಿಳಿಯುವ ಕಲ್ಪನೆ. ಯೋಗನಿದ್ರೆ ಮಾಡಿದವರಿಗೆ ಇದರ ಬಹುಪಾಲು ಪರಿಚಿತವೆನಿಸುತ್ತದೆ. ನಂತರ ನೆಮ್ಮದಿಯ ಜಾಗವೊಂದನ್ನು ನೆನೆಸಿಕೊಳ್ಳಲು ಹೇಳುತ್ತಾರೆ. ಅಜ್ಜಿ ಮನೆಯ ಜಗಲಿಯೋ ತುಂಗೆಯ ಮೆಟ್ಟಿಲೋ, ಅದನ್ನು ಆರಿಸಬೇಕಾದವರು ಬಂದವರೇ. ಮುಂದೆ ಸಂಕಟ ಹೆಚ್ಚಾದರೆ ಹಿಂತಿರುಗಲು ಆ ಜಾಗ ಬೇಕಾಗುತ್ತದೆ.

ನಿಜವಾದ ಕೆಲಸ ಆಮೇಲಿನದು. ಈಗಿನ ಭಾವನೆಯ ಎಳೆ ಹಿಡಿದು, ಅದೇ ಭಾವನೆ ಹಿಂದೆಲ್ಲಿ ಬಂದಿತ್ತೋ ಅಲ್ಲಿಗೆ ಹೋಗುವ ತಂತ್ರವನ್ನು ಮನಶ್ಶಾಸ್ತ್ರಜ್ಞ ಜಾನ್ ವಾಟ್ಕಿನ್ಸ್ 1971ರಲ್ಲಿ ವಿವರಿಸಿದರು. ನಮ್ಮ ಉದಾಹರಣೆಯಲ್ಲಿ ಅದು ಆ ಫೋನ್ ಕರೆಯ ಸಂಜೆ. ಚಿಕಿತ್ಸಕರು ಕೇಳುವ ಪ್ರಶ್ನೆ ಸರಳ: ‘ಆ ಸಂಜೆ ನಿಮಗೆ ಏನೇನು ಗೊತ್ತಿತ್ತು? ಅಪ್ಪ ಏನು ಹೇಳಿದರು? ಅವರ ದನಿ ಹೇಗಿತ್ತು?’ ಇವತ್ತಿನ ತಿಳಿವಳಿಕೆಯನ್ನು ಬದಿಗಿಟ್ಟು ಅವತ್ತಿನ ತಿಳಿವಳಿಕೆಯೊಳಗೆ ನಿಂತಾಗ, ತಾನು ಉದಾಸೀನ ಮಾಡಲಿಲ್ಲ, ಅಪ್ಪನ ಮಾತನ್ನು ನಂಬಿದೆ ಎಂಬುದು ಮೈಯರಿವಿಗೆ ಬರುತ್ತದೆ. ನೂರು ಸಲ ಇತರರು ಹೇಳಿದಾಗ ತಾಕದ ಮಾತು ಈ ತನ್ಮಯತೆಯಲ್ಲಿ ತಾಕುವುದುಂಟು. ಇನ್ನೊಂದು ಬಗೆಯಲ್ಲಿ, ಇಂದಿನ ವ್ಯಕ್ತಿ ಅಂದಿನ ತನ್ನ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಏನು ಹೇಳಬೇಕು ಅನ್ನಿಸುತ್ತದೋ ಅದನ್ನು ಹೇಳುತ್ತಾರೆ. ಅಪ್ಪನಿಗೆ ಹೇಳದೆ ಉಳಿದದ್ದನ್ನು ಎದುರಿಗಿದ್ದಾರೆಂಬಂತೆ ಹೇಳಲೂಬಹುದು. ಇಲ್ಲಿ ಚಿಕಿತ್ಸಕರ ಸಂಯಮ ಬಹಳ ಮುಖ್ಯ. ‘ಅಪ್ಪ ನಿಮ್ಮನ್ನು ಕ್ಷಮಿಸಿದ್ದಾರೆ’ ಎಂದು ತೀರಿಹೋದವರ ಬಾಯಲ್ಲಿ ಮಾತು ತುರುಕುವ ಅಧಿಕಾರ ಅವರಿಗಿಲ್ಲ. ಅಪ್ಪ ಏನು ಹೇಳುತ್ತಿದ್ದರೆಂಬುದು ಮಗಳಿಗೇ ಚೆನ್ನಾಗಿ ಗೊತ್ತು.

ಆ ಸ್ಥಿತಿಯಿಂದ ಹೊರಬಂದ ಮೇಲೆ ನಡೆಯುವ ಮಾತುಕತೆ ಸಂಮೋಹನದಷ್ಟೇ ಮುಖ್ಯ. ಮನೆಯಲ್ಲಿ ಅಭ್ಯಾಸ ಮಾಡಲು ಸ್ವಸಂಮೋಹನವನ್ನೂ ಕಲಿಸುತ್ತಾರೆ. ನಿಜವಾದ ತಪ್ಪಿನ ಪಾಲೇನಾದರೂ ಇದ್ದರೆ ಅದಕ್ಕೆ ದಾರಿ ಬೇರೆ: ಬದುಕಿರುವವರಲ್ಲಿ ಹೋಗಿ ಕ್ಷಮೆ ಕೇಳುವುದು, ಕೊಡಬೇಕಾದ್ದನ್ನು ಕೊಡುವುದು. ಒಡಹುಟ್ಟಿದವನೊಂದಿಗೆ ಮುರಿದ ಮಾತನ್ನು ಸಂಮೋಹನದ ಕುರ್ಚಿಯಲ್ಲಿ ಕುಳಿತು ಸರಿಮಾಡಲಾಗದು. ಅವನ ಮನೆಗೆ ಹೋಗುವ ಧೈರ್ಯವನ್ನು ಬೇಕಾದರೆ ಅಲ್ಲಿ ಕೂಡಿಸಿಕೊಳ್ಳಬಹುದು.

ಯಾವ ಭಾಷೆಯಲ್ಲಿ?

ಬೆಂಗಳೂರಿನ ಬಹಳಷ್ಟು ಚಿಕಿತ್ಸಾ ಕೋಣೆಗಳಲ್ಲಿ ಇಂಗ್ಲಿಷೇ ಮಾತು. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಅಮೆರಿಕಕ್ಕೆ ವಲಸೆ ಹೋದ ರಷ್ಯನ್ ಮಾತಿನವರ ಮೇಲೆ ವಿಯೊರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಷ್ಯನ್ ಭಾಷೆಯಲ್ಲಿ ಕೇಳಿದಾಗ ರಷ್ಯನ್ ಮಾತಾಡುತ್ತಿದ್ದ ದಿನಗಳ ನೆನಪುಗಳು ಹೆಚ್ಚು ಬಂದವು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷ್ ದಿನಗಳವು. ಘಟನೆ ಯಾವ ಭಾಷೆಯಲ್ಲಿ ನಡೆಯಿತೋ ಆ ಭಾಷೆ ನೆನಪಿಗೆ ಬಾಗಿಲು ತೆರೆಯುತ್ತದೆ.

ಅಪ್ಪನ ಕೊನೆಯ ಮಾತು ಕನ್ನಡದಲ್ಲಿತ್ತು. ಅದಕ್ಕೆ ಕೊಡಬೇಕಾದ ಉತ್ತರವೂ ಕನ್ನಡದಲ್ಲೇ ಬರಬೇಕು. ಚಿಕಿತ್ಸಕರಿಗೆ ಕನ್ನಡ ಬರದಿದ್ದರೂ, ಕಣ್ಣು ಮುಚ್ಚಿ ಅಪ್ಪನೊಂದಿಗೆ ಮಾತಾಡುವ ಆ ಹೊತ್ತು ತಾಯ್ನುಡಿಯಲ್ಲಿ ಮಾತಾಡಲು ಬಿಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೊರದೇಶದಲ್ಲಿರುವ ಕನ್ನಡಿಗರು ದೂರದಿಂದಲೇ ವೀಡಿಯೊ ಮೂಲಕ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರನ್ನು ಕಾಣುವುದು ಈಗ ಸಾಧ್ಯವಿದೆ. ಆಳವಾದ ಸಂಮೋಹನವನ್ನು ಮಾತ್ರ ಮೊದಲ ಸಲಕ್ಕೇ ಪರದೆಯ ಮೇಲೆ ಮಾಡಿಸಿಕೊಳ್ಳದಿರುವುದು ಕ್ಷೇಮ.

ಅಗೆದು ತೆಗೆದ ನೆನಪುಗಳ ಅಪಾಯ

ನೆನಪು ನಡೆದದ್ದರ ಯಥಾಪ್ರತಿಯಲ್ಲ, ಪ್ರತಿ ಸಲ ನೆನೆದಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಸಂಮೋಹನದಲ್ಲಿ ಕಲ್ಪನೆ ಬಲವಾಗುವುದರಿಂದ ಈ ಕಟ್ಟುವ ಕೆಲಸ ಹದ್ದು ಮೀರಬಹುದು. ಕೆನಡಾದ ಜಾನ್-ರೋಶ್ ಲಾರೆನ್ಸ್ ಮತ್ತು ಕ್ಯಾಂಬೆಲ್ ಪೆರಿ 1983ರಲ್ಲಿ, ಸಂಮೋಹನಕ್ಕೆ ಸುಲಭವಾಗಿ ಒಳಗಾಗುವ 27 ಮಂದಿಗೆ, ಕಳೆದ ವಾರದ ಒಂದು ರಾತ್ರಿ ದೊಡ್ಡ ಸದ್ದು ಕೇಳಿ ಎಚ್ಚರವಾಗಿದ್ದಿರಿ ಎಂಬ ಸುಳ್ಳು ಸೂಚನೆ ಕೊಟ್ಟರು. ಆಮೇಲೆ ಎಚ್ಚರದಲ್ಲಿದ್ದಾಗಲೂ 13 ಮಂದಿ ಆ ಸದ್ದು ನಿಜವಾಗಿ ಕೇಳಿಸಿತ್ತು ಎಂದರು. ಅಮೆರಿಕದ ವೈದ್ಯಕೀಯ ಸಂಘದ ಮಂಡಳಿ 1985ರಲ್ಲಿ ಇಂಥ ಪುರಾವೆಗಳನ್ನೆಲ್ಲ ತೂಗಿ, ಸಂಮೋಹನದಲ್ಲಿ ಬಂದ ನೆನಪುಗಳು ಸಾಮಾನ್ಯ ನೆನಪಿಗಿಂತ ಹೆಚ್ಚು ನಂಬಲರ್ಹವೇನಲ್ಲ ಎಂದಿತು. ಆದರೆ ಅವುಗಳ ಮೇಲೆ ವ್ಯಕ್ತಿಗಿರುವ ಭರವಸೆ ಮಾತ್ರ ಹೆಚ್ಚಿರುತ್ತದೆ, ಅಪಾಯ ಇರುವುದು ಅಲ್ಲೇ. 1980ರ ಮತ್ತು 90ರ ದಶಕಗಳಲ್ಲಿ ಅಮೆರಿಕದಲ್ಲಿ ಹೀಗೆ ‘ಮರಳಿ ಸಿಕ್ಕ’ ನೆನಪುಗಳು ಎಷ್ಟೋ ಕುಟುಂಬಗಳನ್ನು ನ್ಯಾಯಾಲಯಕ್ಕೆ ಎಳೆದವು. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರ ಪ್ರಯೋಗಗಳು ಸುಳ್ಳು ನೆನಪು ಹುಟ್ಟುವ ಬಗೆಯನ್ನು ತೋರಿಸಿದ ಮೇಲೆ ಆ ಅಲೆ ತಗ್ಗಿತು.

ಆದ್ದರಿಂದ ಕೊರಗಿನ ಚಿಕಿತ್ಸೆಯಲ್ಲಿ ಎಚ್ಚರದಲ್ಲಿ ನೆನಪಿರುವ ಸಂಗತಿಯನ್ನಷ್ಟೇ ಕೈಗೆತ್ತಿಕೊಳ್ಳಬೇಕು. ‘ನಿಮಗೆ ನೆನಪಿಲ್ಲದ ಏನೋ ಒಂದು ಕಾರಣ ಒಳಗಿದೆ, ಹುಡುಕೋಣ’ ಎಂದು ಚಿಕಿತ್ಸಕರು ಹೊರಟರೆ ಅಲ್ಲಿಂದ ಎದ್ದು ಬರುವುದೇ ಸರಿ.

ಪೂರ್ವಜನ್ಮಕ್ಕೆ ಹೋಗುವ ಚಿಕಿತ್ಸೆ

ಕರ್ಮ, ಪುನರ್ಜನ್ಮಗಳಲ್ಲಿ ನಂಬಿಕೆಯಿರುವ ನಮ್ಮಲ್ಲಿ, ಈ ಜನ್ಮದ ಕೊರಗಿಗೆ ಹಿಂದಿನ ಜನ್ಮದಲ್ಲಿ ಕಾರಣ ತೋರಿಸುವ ಸಂಮೋಹನಕ್ಕೆ ಬೇಡಿಕೆ ಹೆಚ್ಚು. ಸಂಮೋಹನದಲ್ಲಿ ಹೆಂಗಸೊಬ್ಬಳು ಹಿಂದಿನ ಜನ್ಮದ ಕಥೆ ಹೇಳಿದ ಅಮೆರಿಕದ ಬ್ರೈಡಿ ಮರ್ಫಿ ಪ್ರಕರಣದ ಪುಸ್ತಕ 1956ರಲ್ಲಿ, ಮನೋವೈದ್ಯ ಬ್ರಯನ್ ವೈಸ್ ಬರೆದ ಪುಸ್ತಕ 1988ರಲ್ಲಿ ಇದನ್ನು ಜನಪ್ರಿಯಗೊಳಿಸಿದವು. ಕಾರ್ಲ್‌ಟನ್ ವಿಶ್ವವಿದ್ಯಾಲಯದ ನಿಕೊಲಾಸ್ ಸ್ಪಾನೋಸ್ 1991ರಲ್ಲಿ ತೋರಿಸಿದಂತೆ, ಸಂಮೋಹನದಲ್ಲಿ ಕಾಣುವ ಪೂರ್ವಜನ್ಮದ ವಿವರಗಳು ಸಂಮೋಹನ ಮಾಡುವವರು ಏನು ನಿರೀಕ್ಷೆ ಹುಟ್ಟಿಸುತ್ತಾರೋ ಅದನ್ನೇ ಅನುಸರಿಸುತ್ತವೆ. ಪುನರ್ಜನ್ಮವನ್ನು ದಶಕಗಳ ಕಾಲ ಗಂಭೀರವಾಗಿ ಅಧ್ಯಯನ ಮಾಡಿದ, ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಅವರೊಂದಿಗೆ ಭಾರತದಲ್ಲೂ ಕೆಲಸ ಮಾಡಿದ ಇಯಾನ್ ಸ್ಟೀವನ್ಸನ್ ಕೂಡ ಸಂಮೋಹನದ ಮೂಲಕ ಬರುವ ಇಂಥ ಕಥೆಗಳನ್ನು ನಂಬುತ್ತಿರಲಿಲ್ಲ. ಪುನರ್ಜನ್ಮದ ನಂಬಿಕೆ ಅವರವರದು, ಅದನ್ನು ಪ್ರಶ್ನಿಸುವ ಉದ್ದೇಶ ಇಲ್ಲಿಲ್ಲ. ಆದರೆ ತಮ್ಮನೊಂದಿಗಿನ ಜಗಳಕ್ಕೆ ಏಳು ಜನ್ಮದ ಹಿಂದಿನ ಕಾರಣ ಸಿಕ್ಕಿಬಿಟ್ಟರೆ ನಾಳೆ ಅವನಿಗೆ ಫೋನ್ ಮಾಡುವ ಕೆಲಸ ಮುಂದಕ್ಕೆ ಹೋಗುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಪುರಾವೆ ಎಷ್ಟಿದೆ

ಕೊರಗನ್ನೇ ಗುರಿಯಾಗಿಟ್ಟುಕೊಂಡ, ಗಟ್ಟಿಯಾದ ದೊಡ್ಡ ಪ್ರಯೋಗಗಳ ಆಧಾರ ಸಂಮೋಹನಕ್ಕಿಲ್ಲ. ಇರುವುದು ನೆರೆಹೊರೆಯ ಪುರಾವೆ. ಮ್ಯಾಂಚೆಸ್ಟರ್‌ನ ಪೀಟರ್ ವೊರ್ವೆಲ್ 1984ರಲ್ಲಿ 30 ರೋಗಿಗಳ ಮೇಲೆ ನಡೆಸಿದ ಪ್ರಯೋಗದಿಂದ ಆರಂಭವಾಗಿ, ಕರುಳಿನ ಕಿರಿಕಿರಿಯ ತೊಂದರೆಗೆ ಸಂಮೋಹನ ಉಪಯುಕ್ತವೆಂಬುದು ಚೆನ್ನಾಗಿ ಸ್ಥಾಪಿತವಾಗಿದೆ. ನೋವು ಮತ್ತು ಆತಂಕದ ವಿಷಯದಲ್ಲೂ ಒಳ್ಳೆಯ ಆಧಾರಗಳಿವೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೌಮ್ಯ ಮತ್ತು ಮಧ್ಯಮ ಖಿನ್ನತೆಯ 152 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಮೋಹನ ಚಿಕಿತ್ಸೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಸುಪರಿಚಿತ ಚಿಕಿತ್ಸೆಗಿಂತ ಹಿಂದೆ ಬೀಳಲಿಲ್ಲ. ಕೊರಗು ಹಲವರಲ್ಲಿ ಖಿನ್ನತೆ ಮತ್ತು ಆತಂಕಗಳ ಜೊತೆಗೇ ಇರುವುದರಿಂದ ಈ ಫಲಿತಾಂಶಗಳಿಗೆ ಬೆಲೆಯಿದೆ. ಇತರ ಆಪ್ತಸಮಾಲೋಚನೆಯ ಒಳಗೆ ಒಂದು ಸಾಧನವಾಗಿ ಸಂಮೋಹನವನ್ನು ಬಳಸುವುದೇ ಇದುವರೆಗಿನ ತಿಳಿವಳಿಕೆಗೆ ಹೊಂದುವ ದಾರಿ.

ಯಾರ ಬಳಿ ಹೋಗಬೇಕು

ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶ ಸಂಮೋಹನವನ್ನು ಪ್ರತ್ಯೇಕ ವೈದ್ಯಪದ್ಧತಿಯೆಂದು ಒಪ್ಪಲಿಲ್ಲ. ಚಿಕಿತ್ಸೆಯ ಒಂದು ವಿಧಾನವಾಗಿ ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಬಳಸಬಹುದು ಎಂದಷ್ಟೇ ಹೇಳಿತು. ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರೂ ಫಲಕ ಹಾಕಿಕೊಳ್ಳುವುದರಿಂದ ಹುಡುಕುವವರೇ ಎಚ್ಚರದಿಂದಿರಬೇಕು. ಮನೋವೈದ್ಯರು, ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದು ಸಂಮೋಹನವನ್ನೂ ಕಲಿತವರನ್ನು ಕಾಣುವುದು ಒಳ್ಳೆಯದು. ನಿಮ್ಮ ನೋಂದಣಿ ಸಂಖ್ಯೆ ಏನು, ಸಂಮೋಹನವಿಲ್ಲದೆ ಬೇರೆ ಯಾವ ಚಿಕಿತ್ಸೆ ಕೊಡಬಲ್ಲಿರಿ ಎಂದು ಮೊದಲ ದಿನವೇ ಕೇಳಬಹುದು. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದವರು ಸಂಮೋಹನ ಕೆಲಸ ಮಾಡದಿದ್ದಾಗ ನಿಮ್ಮನ್ನು ನಡುದಾರಿಯಲ್ಲಿ ಬಿಡುತ್ತಾರೆ. ಒಂದೇ ಭೇಟಿಯಲ್ಲಿ ಎಲ್ಲ ಮರೆಸುತ್ತೇವೆ ಎನ್ನುವವರನ್ನು, ಮೊದಲೇ ದೊಡ್ಡ ಮೊತ್ತದ ಪ್ಯಾಕೇಜ್ ಕಟ್ಟಿಸಿಕೊಳ್ಳುವವರನ್ನು ದೂರವಿಡಬೇಕು. ಮೊದಲ ಭೇಟಿಗಳಲ್ಲಿ ಮನೆಯವರೊಬ್ಬರು ಜೊತೆಗಿರಲಿ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗ, ಉನ್ಮಾದದ ಹಂತ, ಪದೇ ಪದೇ ತನ್ನ ಅರಿವೇ ತಪ್ಪುವ ತೊಂದರೆ ಇರುವವರಿಗೆ ಹಳೆಯ ನೆನಪನ್ನು ಕೆದಕುವ ಸಂಮೋಹನ ಹಾನಿ ಮಾಡಬಹುದು. ಮೂರ್ಛೆರೋಗವಿದ್ದರೆ ಮೊದಲೇ ತಿಳಿಸಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಸಂಮೋಹನವನ್ನು ನಂಬಿ ಅದನ್ನು ನಿಲ್ಲಿಸಬಾರದು. ಕೊರಗು ಬದುಕೇ ಬೇಡವೆನ್ನುವಷ್ಟು ಬೆಳೆದಿದ್ದರೆ ಸಂಮೋಹನ ಚಿಕಿತ್ಸಕರನ್ನು ಹುಡುಕುತ್ತಾ ಕೂರದೆ ಅಂದೇ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.